ಊದುಬತ್ತಿ ಸಿಕ್ಕಿಸುತ್ತಿದ್ದ ಮೇನ್ ಸ್ವಿಚ್ಚು

ನನ್ನ ಸೊಸೆಯ ಕೈ ಮುರಿದವಳು ನಾನೇ. ಅವಳನ್ನು ಕೊಲ್ಲಲು ಹೊರಟಿದ್ದು ಮೋಟಾರು. ಆ ಮೋಟಾರು ಕೆಟ್ಟಿದೆ ಎಂದು ಗೊತ್ತಿದ್ದೂ ಓಡಿಸಿದವನು ಸಾಹುಕಾರ. ನಡೆದದ್ದು ಇಷ್ಟೇ. ತಲೆಸುತ್ತು, ಉಪವಾಸ, ಗಾಳಿ ಸೋಕಿದ್ದು, ಅತ್ತೆ ಸೊಸೆ ಜಗಳ ಎಂದು ರಾಮನಗರದ ನಮ್ಮ ಬೀದಿಯಲ್ಲಿ ಯಾರಾದರೂ ನಿಮಗೆ ಹೇಳಿದರೆ, ಅದೆಲ್ಲ ಆಮೇಲೆ ಹೊಲಿದ ಮಾತು.

ನಾನು ಓದಿದವಳಲ್ಲ. ಕನ್ನಡ ಕೂಡಿಸಿ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಕರೆಂಟು ಹೇಗೆ ಹರಿಯುತ್ತದೆ ಎಂದು ನನ್ನನ್ನು ಕೇಳಬೇಡಿ. ಹರಿಯಬಾರದ ಕಡೆ ಹರಿಯುತ್ತಿದೆ ಎನ್ನುವುದು ಮಾತ್ರ ನಮ್ಮ ಶೆಡ್ಡಿನ ಹೆಂಗಸರಿಗೆಲ್ಲ ಗೊತ್ತಿತ್ತು.

ಅದು ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಮೇಲೆ ತಿರುಗುವ ರಾಟೆಗೆ ಕೊಡುವುದು ಅಲ್ಲಿನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕೈಯೂ ನೀರಿನಲ್ಲಿ, ಕಾಲೂ ನೀರಿನಲ್ಲಿ. ಬೆಂದ ಹುಳದ ನಾತ ಸೀರೆಗೆ ಹತ್ತಿಬಿಟ್ಟರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ಹೋಗಲಿ, ನನಗೆ ಸೀಟು ಅಗಲವಾಗುತ್ತದೆ. ನಾನು ಎಷ್ಟೋ ವರ್ಷ ಎಳೆ ಹಿಡಿದೆ. ಕಣ್ಣು ಮಂಜಾದ ಮೇಲೆ ನನ್ನನ್ನು ನೂಲಿನ ಲಡಿಗಳನ್ನು ಬೊಂಬಿಗೆ ಹಾಕಿ ಒಣಗಿಸುವ ಕೆಲಸಕ್ಕೆ ಹಾಕಿದರು. ಅದಕ್ಕೆ ಶೆಡ್ಡಿನ ಹಿಂದಿನ ಮೂಲೆಯಲ್ಲಿ ಒಂದು ಎತ್ತರದ ಜಗಲಿ. ಇಡೀ ಶೆಡ್ಡಿನಲ್ಲಿ ಒಣಗಿದ ನೆಲ ಅದೊಂದೇ.

ಬಾಗಿಲಿನ ಪಕ್ಕದ ಗೋಡೆಯಲ್ಲಿ ಕರೆಂಟಿನ ಬೋರ್ಡು. ಅದರಲ್ಲಿ ಒಂದು ಟ್ರಿಪ್ ಸ್ವಿಚ್ಚು ಇತ್ತು. ಎಲ್ಲಾದರೂ ಕರೆಂಟು ಸೋರಿದರೆ ತಾನೇ ಕೆಳಗೆ ಬಿದ್ದು ಎಲ್ಲವನ್ನೂ ನಿಲ್ಲಿಸುವುದು ಅದರ ಕೆಲಸವಂತೆ. ಪಾಪ, ಬಹಳ ನಿಯತ್ತಾಗಿ ಕೆಲಸ ಮಾಡುತ್ತಿತ್ತು. ಗಳಿಗೆಗೊಮ್ಮೆ ಬೀಳುತ್ತಿತ್ತು. ಅದು ಬಿದ್ದರೆ ರಾಟೆಗಳೆಲ್ಲ ಗಕ್ಕನೆ ನಿಲ್ಲುತ್ತವೆ, ಎಳೆಗಳು ತುಂಡಾಗುತ್ತವೆ, ಮತ್ತೆ ಒಂದೊಂದನ್ನೂ ಹುಡುಕಿ ಗಂಟು ಹಾಕಬೇಕು. ಗಂಟು ಹೆಚ್ಚಾದರೆ ನೂಲನ್ನು ಕೊಳ್ಳುವವನು ಮೂಗು ಮುರಿಯುತ್ತಾನೆ. ಸಾಹುಕಾರ ಸೋರುವುದು ಎಲ್ಲಿ ಎಂದು ಹುಡುಕಿಸಲಿಲ್ಲ. ಬೀಳುವುದನ್ನು ನಿಲ್ಲಿಸಿದ. ಎಲೆಕ್ಟ್ರಿಷಿಯನ್ ಬಂದು ಟ್ರಿಪ್ ಸ್ವಿಚ್ಚನ್ನು ಮುಟ್ಟದೆ ಪಕ್ಕದಲ್ಲಿ ಹೋಗುವಂತೆ ವೈರನ್ನು ನೇರ ಕೊಟ್ಟು ಹೋದ. ಅವತ್ತಿನಿಂದ ಅದು ಸುಮ್ಮನೆ ಗೋಡೆಗೆ ಅಂಟಿಕೊಂಡ ಡಬ್ಬಿ.

ಸೋರುತ್ತಿದ್ದದ್ದು ನನ್ನ ಜಗಲಿಯ ಪಕ್ಕದ ಕೊನೆಯ ಯಂತ್ರ. ಅದಕ್ಕೆ ಅದರದೇ ಒಂದು ಮೋಟಾರು. ಅದರ ಕಬ್ಬಿಣಕ್ಕೆ ಕೈ ತಾಗಿಸಿದರೆ ಜುಮ್ಮೆನ್ನುತ್ತಿತ್ತು. ಅಲ್ಲಿ ನಿಂತವಳು ಸಂಜೆ ಕೈ ಕೊಡವುತ್ತಾ ಹೊರಗೆ ಬಂದರೆ ಉಳಿದವರಿಗೆ ನಗು. "ಏನಮ್ಮಿ, ಇವತ್ತು ನಿನ್ ಗಂಡ ಎಷ್ಟು ಸಲ ಮುಟ್ಟಿದ?" ಎನ್ನುವರು. ಆ ಯಂತ್ರಕ್ಕೆ ಗಂಡ ಎಂದೇ ಹೆಸರು. ಹೊಸದಾಗಿ ಬಂದವಳಿಗೆ ಅದೇ ಯಂತ್ರ. ಇನ್ನೊಬ್ಬ ಹೊಸಬಳು ಬಂದಾಗ ಹಳಬಳಿಗೆ ಬಿಡುಗಡೆ. ಇದೊಂದು ಪದ್ಧತಿಯೇ ಆಗಿಹೋಗಿತ್ತು. ಯಾರೂ ಅದನ್ನು ರಿಪೇರಿ ಮಾಡಿಸಿ ಎನ್ನಲಿಲ್ಲ. ಹೊಸಬಳು ಬರಲಿ ಎಂದು ಕಾಯುತ್ತಿದ್ದರು.

ಕಾಲಿಗೆ ಚಪ್ಪಲಿಯಾದರೂ ಇದ್ದಿದ್ದರೆ ಒಂದು ಮಾತು. ಶೆಡ್ಡಿನೊಳಗೆ ಚಪ್ಪಲಿ ಹಾಕುವಂತಿಲ್ಲ. ರೇಷ್ಮೆ ಎಂದರೆ ಲಕ್ಷ್ಮಿ, ಲಕ್ಷ್ಮಿ ಇರುವ ಕಡೆ ಚಪ್ಪಲಿ ಮೆಟ್ಟುವುದುಂಟೆ ಎಂದು ಸಾಹುಕಾರನ ಕಟ್ಟಪ್ಪಣೆ. ಬೋರ್ಡಿನ ಮೇಲೆಯೇ ಲಕ್ಷ್ಮಿ ಪಟ. ಅದರ ಕೆಳಗೆ ಕಬ್ಬಿಣದ ಪೆಟ್ಟಿಗೆಯಂಥ ಮೇನ್ ಸ್ವಿಚ್ಚು, ಅದಕ್ಕೊಂದು ಮಗ್ಗುಲಲ್ಲಿ ಹಿಡಿ. ಹಿಡಿಯ ಬುಡದಲ್ಲಿ ಒಂದು ತೂತು ಇತ್ತು. ಊದುಬತ್ತಿ ಸಿಕ್ಕಿಸಲು ಅಳತೆ ತೆಗೆದು ಮಾಡಿದ ಹಾಗಿತ್ತು. ಮೇಸ್ತ್ರಿ ದಿನಾ ಬೆಳಿಗ್ಗೆ ಅದರಲ್ಲಿ ಎರಡು ಊದುಬತ್ತಿ ಚುಚ್ಚಿ ಕೈಮುಗಿಯುತ್ತಿದ್ದ. ಆ ಪೆಟ್ಟಿಗೆಗೆ ನಡೆಯುತ್ತಿದ್ದ ಉಪಚಾರ ಅದೊಂದೇ.

ಹೆಂಗಸರು ಕಾಲಡಿಗೆ ಒಣಗಿದ ಗೋಣಿತಾಟು ಹಾಕಿಕೊಳ್ಳುತ್ತಿದ್ದರು. ಅದು ನೆನೆದರೆ ಇನ್ನೊಂದು. ಗೋಣಿತಾಟಿನ ಮೇಲೆ ನಿಂತರೆ ಜುಮ್ ಕಡಿಮೆ. ನಮಗೆ ಗೊತ್ತಿದ್ದ ರಕ್ಷಣೆ ಅಷ್ಟು.

ನನ್ನ ಸೊಸೆ ಮಾಗಡಿ ಕಡೆಯವಳು. ನನಗೂ ಅವಳಿಗೂ ಆಗಿಬರುವುದಿಲ್ಲ. ಅವಳು ಸಾರಿಗೆ ಹುಣಸೆಹುಳಿ ಸುರಿಯುತ್ತಾಳೆ, ನಾನು ಬಾಯಿ ಸುಮ್ಮನಿಟ್ಟುಕೊಳ್ಳುವುದಿಲ್ಲ. ಮೊಮ್ಮಗಳು ಶಾಲೆಗೆ ಸೇರಿದ ಮೇಲೆ ನಾನೂ ಕೆಲಸಕ್ಕೆ ಬರುತ್ತೇನೆ ಎಂದಳು. ನಾನೇ ಕರೆದುಕೊಂಡು ಹೋಗಿ ಸೇರಿಸಿದೆ. ಹೊಸಬಳಲ್ಲವೇ, ಗಂಡನ ಹತ್ತಿರ ನಿಲ್ಲಿಸಿದರು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದು. ಸಾಹುಕಾರನಿಗೆ ಅದು ದೊಡ್ಡ ಹಬ್ಬ, ಶೆಡ್ಡಿನಲ್ಲೇ ಪೂಜೆ. ಆದ್ದರಿಂದ ಬೆಳಿಗ್ಗೆ ಮೇಸ್ತ್ರಿ ಪೈಪು ಹಿಡಿದು ನೆಲವನ್ನೆಲ್ಲ ತೊಳೆದ. ಯಂತ್ರಗಳ ಮೈ ತೊಳೆದ. ಮೋಟಾರಿನ ಮೇಲಿನ ಜಿಡ್ಡು ಹೋಗಲಿ ಎಂದು ಅದಕ್ಕೂ ನೀರು ಬಿಟ್ಟ. ಹಳೇ ಗೋಣಿತಾಟುಗಳು ಮೈಲಿಗೆ ಎಂದು ಎಲ್ಲವನ್ನೂ ಬಾಚಿ ಹೊರಗೆ ಹಾಕಿದ. ಹಾಗೆ ಮಾಡಿದವನು ಇವತ್ತೊಂದು ದಿನ ಕೆಲಸ ಬೇಡ ಎನ್ನಬೇಕಾಗಿತ್ತು. ಅನ್ನಲಿಲ್ಲ. ಬೆಂದ ಗೂಡು ಕಾಯುತ್ತದೆಯೇ? ಎಲ್ಲರನ್ನೂ ನಿಲ್ಲಿಸಿ ಮೇನ್ ಹಾಕಿದ.

ಸೊಸೆ ಬರಿಗಾಲಲ್ಲಿ ನೀರಿನ ಮೇಲೆ ನಿಂತಳು. ಎಳೆ ಕೊಡಲು ಕೈ ಎತ್ತಿದಳು. ಕಬ್ಬಿಣದ ಪಟ್ಟಿಗೆ ಕೈ ತಾಗಿತು, ತಾಗಿದ್ದು ಹಿಡಿದುಕೊಂಡುಬಿಟ್ಟಿತು. ಬಿಡಿಸಿಕೊಳ್ಳಲು ಅವಳಿಗೆ ಆಗಲಿಲ್ಲ. ಬಾಯಿ ತೆರೆದಿದೆ, ಸದ್ದಿಲ್ಲ. ಕತ್ತು ಹಿಂದಕ್ಕೆ ಸೆಟೆದಿದೆ. ಪಕ್ಕದವಳು ಮೊದಲು ನಕ್ಕಳು, "ನೋಡ್ರೇ, ಗಂಡ ಬುಡ್ತಾನೇ ಇಲ್ಲ" ಎಂದಳು. ಆಮೇಲೆ ಮುಖ ನೋಡಿ ಕಿರುಚಿದಳು.

"ಮೇನ್ ಕೀಳ್ಲಾ!" ಎಂದು ನಾನು ಜಗಲಿಯಿಂದ ಕೂಗಿದೆ.

ಮೇಸ್ತ್ರಿ ಮೇನ್ ಸ್ವಿಚ್ಚಿನ ಮುಂದೆಯೇ ನಿಂತಿದ್ದ. ಕೈ ಎತ್ತಿದರೆ ಸಿಗುತ್ತಿತ್ತು. ಅವನು ತಿರುಗಿ ರಾಟೆಗಳನ್ನು ನೋಡಿದ. "ತಡೀರಿ ತಡೀರಿ, ಎಲ್ಲಾ ಎಳೆ ಹೊಂಟೋಯ್ತವೆ, ಆ ಒಂದು ಯಂತ್ರದ ಫ್ಯೂಸು ಕೀಳ್ತೀನಿ" ಎಂದ.

ಈ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಸಾಯುವವರೆಗೆ ಮರೆಯುವುದಿಲ್ಲ, ಮರೆಯುವ ಆಸೆಯೂ ಇಲ್ಲ.

ಲಡಿ ಹಾಕುವ ಬೊಂಬು ನನ್ನ ಕೈಯಲ್ಲಿತ್ತು. ಒಣಗಿದ ಬೊಂಬು. ಜಗಲಿಯ ಅಂಚಿಗೆ ಬಂದು, ಕೆಳಗಿಳಿಯದೆ, ಅವಳ ಮುಂಗೈ ನೋಡಿಕೊಂಡು ಬೀಸಿ ಹೊಡೆದೆ. ರಾಗಿ ತೆನೆ ಬಡಿದ ಕೈ ನನ್ನದು, ಏಟು ಎಲ್ಲಿಗೆ ಬೀಳಬೇಕೋ ಅಲ್ಲಿಗೆ ಬಿತ್ತು. ಮೂಳೆ ಲಟಕ್ ಎಂದದ್ದು ನನಗೂ ಕೇಳಿಸಿತು. ಕೈ ಬಿಟ್ಟಿತು. ಅವಳು ಮೂಟೆಯ ಹಾಗೆ ಕೆಳಗೆ ಬಿದ್ದಳು. ಮೇಸ್ತ್ರಿ ಆಗ ಮೇನ್ ಕಿತ್ತ. ಕಿತ್ತು, "ಅಯ್ಯೋ, ಎಳೆ" ಎಂದ.

ಉಸಿರಾಡುತ್ತಿದ್ದಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ನಮ್ಮ ಹಿಂದೆಯೇ ಸಾಹುಕಾರನ ಕಾರು. ಡಾಕ್ಟರು ಕೇಳುವುದಕ್ಕೆ ಮೊದಲೇ ಅವನು ಹೇಳಿದ, "ತಲೆ ಸುತ್ತಿ ಬಿದ್ಲು ಸಾರ್. ಹಬ್ಬ ಅಂತ ಊಟ ಬಿಟ್ಟಿದ್ಲೇನೋ."

"ಅವಳು ಬೆಳಿಗ್ಗೆ ಎರಡು ಮುದ್ದೆ ತಿಂದವ್ಳೆ" ಎಂದೆ ನಾನು. "ಕರೆಂಟು ಹೊಡೀತು."

ಡಾಕ್ಟರು ಅವಳ ಅಂಗೈ ತಿರುಗಿಸಿ ನೋಡಿದರು. ಸುಟ್ಟ ಗುರುತಿತ್ತು.

"ಬಿಸಿನೀರು ಸಾರ್ ಅದು, ಗೂಡು ಬೇಯ್ಸೋ ನೀರು" ಎಂದ ಸಾಹುಕಾರ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, "ಹಂಗಾದ್ರೆ ಕೈ ಹೆಂಗೆ ಮುರೀತು ಹೇಳಜ್ಜಿ ಡಾಕ್ಟ್ರಿಗೆ" ಎಂದ.

"ನಾನು ಹೊಡ್ದೆ. ಬೊಂಬಲ್ಲಿ."

ಪಕ್ಕದ ಮಂಚದ ಹೆಂಗಸು ಎದ್ದು ಕೂತಳು. ನರ್ಸು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅತ್ತೆ ಸೊಸೆಗೆ ಬೊಂಬಿನಲ್ಲಿ ಹೊಡೆದಳು ಎನ್ನುವುದು ಎಷ್ಟು ಸಲೀಸಾಗಿ ನಂಬಿಕೆಗೆ ಇಳಿಯುತ್ತದೆ ನೋಡಿ. ಕರೆಂಟಿನ ಮಾತು ಅಲ್ಲಿಗೆ ಯಾರಿಗೂ ಬೇಡವಾಯಿತು. ಸಾಹುಕಾರ ಕಿತ್ತಳೆಹಣ್ಣಿನ ಚೀಲವನ್ನು ಮಂಚದ ಮೇಲಿಟ್ಟು ಹೊರಗೆ ಬಂದು ನನಗೆ ಹೇಳಿದ, "ತಲೆಸುತ್ತು ಅಂದ್ರೆ ನಿಂಗೂ ಒಳ್ಳೇದು, ನಂಗೂ ಒಳ್ಳೇದು. ಇಲ್ಲಾಂದ್ರೆ ಸೊಸೇನ ಹೊಡ್ದೋಳು ಅಂತ ಠಾಣೆಗೆ ಮೊದ್ಲು ಕರ್ಕೊಂಡೋಗದು ನಿನ್ನನ್ನೇ."

ಹಣ್ಣಿನ ಚೀಲವನ್ನು ತಂದು ಅವನ ಕಾರಿನ ಮೇಲಿಟ್ಟು ಒಳಗೆ ಹೋದೆ.

ಎದೆಬಡಿತ ನೋಡಿ, ಕೈಗೆ ಸಿಮೆಂಟು ಕಟ್ಟು ಹಾಕಿ, ಸಂಜೆ ಮನೆಗೆ ಕಳುಹಿಸಿದರು. ನಾವು ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಬಂದು ಬೀದಿಯಲ್ಲಿ ಕೂತಿತ್ತು. ಎದುರು ಮನೆಯವಳು ಬಾಗಿಲಲ್ಲಿ ನಿಂತು, "ಎಷ್ಟೇ ಆದ್ರೂ ಹಂಗೆ ಮುರಿಯೋ ಹಂಗೆ ಹೊಡೀಬಾರ್ದಾಗಿತ್ತು ಕಣಕ್ಕ" ಎಂದಳು. "ನಿಂಗೂ ಒಂದು ಬೇಕಾ?" ಎಂದೆ. ಒಳಗೆ ಹೋದಳು.

ನನ್ನ ಮಗ ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಾನೆ. ಶಿಫ್ಟ್ ಮುಗಿಸಿ ಬಂದವನು ಹೆಂಡತಿಯ ಕೈ ನೋಡಿ, ನನ್ನನ್ನು ನೋಡಿದ. ಅವಳೇ ಹೇಳಿದಳು, "ನಿಮ್ಮವ್ವ ಒಂದೇ ಏಟ್ಗೆ ಮುರುದ್ಬುಟ್ರು ಕಣ್ರೀ. ಮದ್ವೆಯಾದಾಗಿಂದ ಎತ್ತಿಟ್ಟಿದ್ರು ಅಂತ ಕಾಣ್ತದೆ."

"ಇನ್ನೊಂದು ಮಿಕ್ಕೈತೆ, ನೋಡ್ಕೊ" ಎಂದೆ.

ಅವಳು ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಆಮೇಲೆ ಅಂದಳು, "ಶನಿವಾರ ಅಲ್ಲಿ ಬೇರೆಯವಳನ್ನ ನಿಲ್ಲುಸ್ತಾರಂತೆ ಅತ್ತೆ. ಕನಕಪುರದ ಕಡೆಯಿಂದ ಬಂದವಳೊಬ್ಳು ಕೆಲ್ಸ ಕೇಳ್ಕಂಡು ಹೋಗಿದ್ಳಲ್ಲ, ಅವಳ್ನೇ. ಅವಳಿಗೆ ಬೊಂಬು ಹಿಡ್ಕೊಂಡು ನಿಂತಿರೋಕೆ ಅತ್ತೆ ಇಲ್ಲ."

ಅವಳು ಇಷ್ಟು ದಿನದಲ್ಲಿ ಆಡಿದ ಮಾತುಗಳಲ್ಲಿ ನನಗೆ ನಾಟಿದ್ದು ಅದೊಂದು.

ಮಗ ಮಾತ್ರ ತಲೆ ತಗ್ಗಿಸಿಕೊಂಡು, "ಸುಮ್ನಿರವ್ವ. ಅವರ ಶೆಡ್ಡು, ಅವರ ಕರೆಂಟು. ನಾವೇನ್ ಮಾಡೋಕಾಯ್ತದೆ" ಎಂದ.

"ನಿಮ್ ಫ್ಯಾಕ್ಟ್ರೀಲಿ ಕೆಟ್ಟ ಯಂತ್ರಕ್ಕೂ ಊದುಬತ್ತಿ ಹಚ್ತಾರೇನ್ಲಾ?"

"ಅಲ್ಲಿ ಹಂಗಲ್ಲ. ಯಂತ್ರ ಮುಟ್ಟೋನು ಮೊದ್ಲು ಸ್ವಿಚ್ಚು ಆಫ್ ಮಾಡಿ, ತನ್ನ ಬೀಗ ಹಾಕ್ತಾನೆ. ಬೀಗದಕೈ ಅವನ ಜೇಬಲ್ಲೇ. ಅವನು ಬಿಚ್ಚೋಗಂಟ ಮ್ಯಾನೇಜರ್ ಬಂದ್ರೂ ಆನ್ ಮಾಡಂಗಿಲ್ಲ."

"ಸ್ವಿಚ್ಚಿಗೆ ಬೀಗ ಎಲ್ಲಿಗೆ ಹಾಕ್ತಾರೆ?"

"ಹಿಡಿ ಹತ್ರ ತೂತು ಇರ್ತದಲ್ಲ, ಅದಿರೋದೇ ಅದಕ್ಕೆ" ಎಂದು ಹೇಳಿ ಸ್ನಾನಕ್ಕೆ ಹೋದ.

ಮರುದಿನ ಹಬ್ಬ. ಶೆಡ್ಡಿನ ಹೆಂಗಸರಿಗೆಲ್ಲ ಕುಂಕುಮಕ್ಕೆ ಕರೆ. ನನ್ನನ್ನು ಯಾರೂ ಕರೆಯಲಿಲ್ಲ. ಹೋದೆ. ಬಾಳೆಕಂದು, ಹೂವು, ಕಳಶ. ಯಂತ್ರಗಳಿಗೆಲ್ಲ ಅರಿಶಿನದ ನೀರು ಚಿಮುಕಿಸಿ ಕುಂಕುಮ ಇಟ್ಟಿದ್ದರು. ಕೊನೆಯ ಮೋಟಾರಿಗೆ ಹೊಸದಾಗಿ ಹಸಿರು ಬಣ್ಣ ಬಳಿದು, ಮೂರು ಪಟ್ಟೆ ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿದ್ದರು. ಮದುವೆ ಗಂಡಿನ ಹಾಗೆ ಕೂತಿತ್ತು.

ಎಲೆಕ್ಟ್ರಿಷಿಯನ್ನೂ ಬಂದಿದ್ದ, ಪ್ರಸಾದದ ದೊನ್ನೆ ಹಿಡಿದು ನಿಂತಿದ್ದ. "ಇದನ್ನ ರಿಪೇರಿ ಮಾಡಿದ್ಯೇನಪ್ಪ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

ಅವನು ಸಾಹುಕಾರನ ಮುಖ ನೋಡಿದ. "ಬಣ್ಣ ಹೊಡ್ದಿದ್ದೀನಜ್ಜಿ."

"ಬಣ್ಣ ಕಾಣ್ತಾ ಐತೆ. ಒಳಗೆ?"

"ಒಳಗೆ ತಂತಿಯೆಲ್ಲ ನೀರು ಕುಡಿದು ಹಾಳಾಗೈತೆ. ಬಿಚ್ಚಿ ಹೊಸದಾಗಿ ಸುತ್ತಬೇಕು. ನೆಲಕ್ಕೆ ಕೊಡೋ ಅರ್ತ್ ವೈರು ತುಂಡಾಗೈತೆ, ಹೊಸದು ಎಳೀಬೇಕು. ಮೊದ್ಲೇ ಹೇಳಿದ್ದೆ. ಮೋಟಾರು ನಿಲ್ಲುಸ್ಬೇಕಲ್ಲ, ಈಗ ಬೇಡ ಅಂದ್ರು."

"ಯಾರಂದ್ರು?"

ದೊನ್ನೆಯೊಳಗೆ ಮುಖ ಹಾಕಿಕೊಂಡ.

ಸಾಹುಕಾರನ ಹೆಂಡತಿ ನನ್ನ ಕೈಗೆ ರವಿಕೆ ಕಣ, ಎಲೆ ಅಡಿಕೆ ಇಡಲು ಬಂದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ಮೊದ್ಲು ನಿಮ್ ಯಜಮಾನ್ರು ಮೇನ್ ಹಾಕಿ, ಬರಿಗಾಲಲ್ಲಿ ನೀರಲ್ಲಿ ನಿಂತು, ಈ ಮೋಟಾರು ಮುಟ್ಲಿ ಕಣವ್ವ. ಆಮೇಲೆ ಕುಂಕುಮ ಇಟ್ಕೋತೀನಿ."

ಸಾಹುಕಾರ ನಕ್ಕ. ಅವನ ನಗು ಹಲ್ಲಿನಿಂದ ಒಳಗೆ ಇಳಿಯುವುದಿಲ್ಲ. "ಹಬ್ಬದ ದಿನ ಅಪಶಕುನ ಆಡ್ಬೇಡ ಅಜ್ಜಿ. ಸೊಸೆ ಕೈ ಮುರ್ದೋಳು ನೀನು. ನಿನ್ ಮಾತ್ಗೆ ಯಾರು ಬೆಲೆ ಕೊಡ್ತಾರೆ?"

"ಹೂಂ, ಮುರ್ದೆ. ನೀವು ಇಷ್ಟು ಜನ ಇದ್ರಿ, ಮುರಿಯೋಕೂ ಯಾರಿಗೂ ಕೈ ಬರ್ಲಿಲ್ಲ. ಠಾಣೆಗೆ ಹೋಗಾನ ನಡೀರಿ, ಅಲ್ಲೂ ಇದ್ನೇ ಹೇಳ್ತೀನಿ."

ಹೆಂಗಸರ ಕಡೆ ತಿರುಗಿದೆ. ವರ್ಷಗಟ್ಟಲೆ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವರು. ಒಬ್ಬಳು ಸೆರಗು ಸರಿಮಾಡಿಕೊಂಡಳು. ಇನ್ನೊಬ್ಬಳು ಮಗುವಿನ ಮೂಗು ಒರೆಸಿದಳು. ಗಂಡ ಬಿಡುತ್ತಿಲ್ಲ ಎಂದು ನಕ್ಕಿದ್ದಳಲ್ಲ, ಅವಳು ಕಳಶಕ್ಕೆ ಕೈಮುಗಿದು ಕಣ್ಣು ಮುಚ್ಚಿಕೊಂಡಳು. ಇವರ ಮೇಲೆ ನನಗೆ ಸಾಹುಕಾರನ ಮೇಲಿನಷ್ಟೇ ಸಿಟ್ಟಿದೆ. ಅವನಿಗೆ ನೂಲಿನ ಆಸೆ. ಇವರಿಗೆ ಏನು, ಮುಂದಿನ ಹೊಸಬಳು ಬಂದರೆ ಸಾಕು.

ಆ ಹೊಸಬಳೂ ಕೆಲಸದ ಮಾತಿಗೆ ಬಂದು ಅಲ್ಲೇ ಇದ್ದಳು. ಕನಕಪುರದ ಕಡೆಯವಳು, ಗಂಡ ಸತ್ತು ತಮ್ಮನ ಮನೆಯಲ್ಲಿ ಇದ್ದವಳು. ಹಾರ ಹಾಕಿದ ಮೋಟಾರನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದಳು. ಮೇಸ್ತ್ರಿ ಅವಳಿಗೆ, "ನೀನೇನೂ ಹೆದರ್ಬೇಡಮ್ಮಿ, ಪೂಜೆ ಆಗೈತೆ. ಬೆಳಿಗ್ಗೆ ಬೇಗ ಬಂದ್ಬುಡು" ಎಂದ.

ನಾನು ಹೊರಗೆ ಬಂದೆ. ಬರುವಾಗ ಮೇನ್ ಸ್ವಿಚ್ಚಿನ ಹಿಡಿಯ ಬುಡಕ್ಕೆ ಕಿರುಬೆರಳು ತೂರಿಸಿ ನೋಡಿದೆ. ಬೂದಿ ಹತ್ತಿತು.

ಮಾರನೆಯ ದಿನ ಬೆಳಿಗ್ಗೆ ಎದ್ದು ಮುಖ ತೊಳೆದು, ನಮ್ಮ ಮನೆ ಬಾಗಿಲಿನ ಬೀಗ ತೆಗೆದುಕೊಂಡೆ. ಸೊಸೆ ಮಲಗಿದ್ದಲ್ಲಿಂದಲೇ, "ಮನೆಗೆ ಬೀಗ?" ಎಂದಳು. "ನೀನಿದ್ದೀಯಲ್ಲ, ಬಾಗ್ಲಲ್ಲಿ ಕೂತ್ಕೊ. ಒಂದು ಕೈ ಇನ್ನೂ ಐತೆ" ಎಂದೆ. ಶೆಡ್ಡಿಗೆ ಹೋದೆ. ಚಪ್ಪಲಿ ಬಿಡಲಿಲ್ಲ, ಮೆಟ್ಟಿಕೊಂಡೇ ಒಳಗೆ ನಡೆದೆ.

ಮೇಸ್ತ್ರಿ ಒಲೆಗೆ ಸೌದೆ ತುಂಬುತ್ತಿದ್ದ. ಆಗಲೇ ಮೇನ್ ಹಾಕಿ ಊದುಬತ್ತಿ ಹಚ್ಚಿದ್ದ. ನಾನು ಹಿಡಿಯನ್ನು ಕೆಳಕ್ಕೆ ಎಳೆದೆ. ಉರಿಯುತ್ತಿದ್ದ ಊದುಬತ್ತಿಗಳನ್ನು ಕಿತ್ತು ಒದ್ದೆ ನೆಲಕ್ಕೆ ಹಾಕಿದೆ, ಚುಂಯ್ ಎಂದವು. ಬೀಗದ ಕೊಂಡಿಯನ್ನು ತೂತಿಗೆ ತೂರಿಸಿದೆ. ಹಳೇ ಬೂದಿ, ಮುರಿದ ಕಡ್ಡಿ ಸಿಕ್ಕಿಕೊಂಡು ಒಸಿ ಬಿಗಿಯಾಯಿತು, ಒತ್ತಿದೆ, ಒಳಗೆ ಹೋಯಿತು. ಬೀಗ ಹಾಕಿ, ಬೀಗದಕೈಯನ್ನು ಎಲೆಅಡಿಕೆ ಚೀಲದಲ್ಲಿಟ್ಟು, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿದೆ.

"ಅಜ್ಜೀ, ಏನ್ ಮಾಡ್ತಾ ಇದ್ದೀಯ!" ಎಂದು ಮೇಸ್ತ್ರಿ ಸೌದೆ ಹಿಡಿದೇ ಓಡಿಬಂದ.

"ಪೂಜೆ" ಎಂದೆ. "ಹೋಗು, ನಿನ್ ಸಾವ್ಕಾರಂಗೆ ಫೋನ್ ಮಾಡು. ಆ ಕರೆಂಟಿನವನ್ನೂ ಕರಿ. ಮೋಟಾರು ಬಿಚ್ಚಿ ಅಂಗಡಿಗೆ ಒಯ್ಯಲಿ. ಅರ್ತ್ ವೈರು ಎಳೀಲಿ, ಗೋಡೆ ಮೇಲಿನ ಆ ಡಬ್ಬಿ ಮತ್ತೆ ಬೀಳೋ ಹಂಗೆ ಮಾಡ್ಲಿ. ಆಮೇಲೆ ಬೀಗದಕೈ ಕೇಳಿ."

"ಗೂಡು ಬೆಂದೋಗೈತೆ ಕಣಜ್ಜಿ!"

"ಬೇಯ್ಲಿ."

ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲೇ ನಿಂತರು. ಕನಕಪುರದವಳು ಊಟದ ಡಬ್ಬಿ ಹಿಡಿದು ಎಲ್ಲರಿಗಿಂತ ಹಿಂದೆ ಬಂದಳು, ಒಳಗೆ ಕಾಲಿಡಲು ಚಪ್ಪಲಿ ಬಿಡುತ್ತಿದ್ದಳು.

"ಹಾಕ್ಕೊಂಡಿರು" ಎಂದು ಅವಳಿಗೆ ಹೇಳಿ, ನಾನು ಮೇನ್ ಸ್ವಿಚ್ಚಿನ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂತು, ಎಲೆಗೆ ಸುಣ್ಣ ಸವರಿದೆ.